ವಿಡಿಯೋ ಕಾಲಿನಿಂದ ಎದ್ದು ನಡೆದದ್ದು

ಬೇರೆಯವರ ಮಾಲಿಗೆ ದರ ಕಟ್ಟುವುದು ನನಗೆ ಬರುತ್ತದೆ. ಹತ್ತಿಯನ್ನು ಬೆರಳಲ್ಲಿ ಎಳೆದು ನೋಡಿ ಇಷ್ಟಕ್ಕೆ ಹೋಗುತ್ತದೆ ಎಂದರೆ ಹೆಚ್ಚುಕಡಿಮೆ ಅಷ್ಟಕ್ಕೇ ಹೋಗುತ್ತದೆ. ನಿನಗೆ ನೀನೇ ದರ ಕಟ್ಟಿಕೋ ಎಂದರೆ ಮಾತ್ರ ತಲೆ ಓಡುವುದಿಲ್ಲ. ಆದೋನಿಯ ಹತ್ತಿ ಮಂಡಿಯಲ್ಲಿ ಲೆಕ್ಕ ಬರೆಯುವವನು ನಾನು. ಓದು ತಡವಾಗಿ ಹತ್ತಿತು. ಮಗಳು ಒಂದನೇ ತರಗತಿಗೆ ಸೇರಿದ ವರ್ಷ ನಾನು ಹತ್ತನೇ ತರಗತಿಯ ಪರೀಕ್ಷೆ ಬರೆದೆ. ಹೇಗೋ ಡಿಗ್ರಿಯೂ ಆಯಿತು. ಆದರೆ ಹತ್ತಿಯ ಕಾಲ ಮುಗಿದರೆ ಮಂಡಿಯಲ್ಲಿ ಕೆಲಸವಿಲ್ಲ, ಸಂಬಳವೂ ಇಲ್ಲ. ಮಂಡಿ ಅಂಗಡಿಗಳಿಗೆ ಬಿಲ್ ಮಾಡುವ ಸಾಫ್ಟ್‌ವೇರ್ ಮಾರಲು ತೆಲುಗು, ಕನ್ನಡ ಎರಡೂ ಬಲ್ಲವರು ಬೇಕೆಂದು ಒಂದು ಕಂಪನಿಯವರು ಕೇಳಿದ್ದರು. ವರ್ಷವಿಡೀ ಸಂಬಳ. ಒಂದೊಂದೇ ಅಕ್ಷರ ಹುಡುಕಿ ಅರ್ಜಿ ಟೈಪ್ ಮಾಡುವಷ್ಟರಲ್ಲಿ ಹೆಂಡತಿ ನಾಗವೇಣಿ ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬಂದು, ರೊಟ್ಟಿಯನ್ನೂ ಬಡಿದಿದ್ದಳು. "ಅವ್ರು ಏನ್ ಕೊಟ್ರೂ ಹೂಂ ಅನ್ರಿ. ಮಂಡಿಯಾಗ ಆಡಿದಂಗ ಆಡಬ್ಯಾಡ್ರಿ," ಎಂದಳು.

ಮಂಡಿಯಲ್ಲಿ ಆಡುವುದು ಎಂದರೆ ಏನೆಂದು ಹೇಳಬೇಕು. ನಮ್ಮ ಕಡೆ ಎತ್ತು ಕೊಳ್ಳುವವರಾಗಲಿ ಸೀರೆ ಕೊಳ್ಳುವವರಾಗಲಿ, ಮೊದಲ ದರಕ್ಕೆ ಒಪ್ಪುವುದಿಲ್ಲ. ಒಪ್ಪಿದರೆ ಮಾರುವವನಿಗೇ ಬೇಸರವಾಗುತ್ತದೆ. ದರ ಕೇಳಿದ ಮೇಲೆ ಸುಮ್ಮನೆ ಎದ್ದು ನಡೆಯಬೇಕು. ತಿರುಗಿ ನೋಡಬಾರದು. ಕರೆದರೆ ಕೇಳಿಸುವಷ್ಟು ನಿಧಾನವಾಗಿ, ಆದರೆ ನಿಜವಾಗಿಯೂ ಹೊರಟಂತೆ ಕಾಣುವಷ್ಟು ಬಿಗಿಯಾಗಿ ನಡೆಯಬೇಕು. ಇದನ್ನು ನಮ್ಮಪ್ಪ ಪತ್ತಿಕೊಂಡದ ಸಂತೆಯಲ್ಲಿ ನನ್ನನ್ನು ಮುಂದೆ ನಡೆಸಿ ಕಲಿಸಿದ್ದ.

ಪಕ್ಕದ ಮನೆಯವರ ಲ್ಯಾಪ್‌ಟಾಪ್ ತಂದು ನಮ್ಮ ಮನೆಯಲ್ಲೇ ಇಟ್ಟುಕೊಂಡು, ವಿಡಿಯೋ ಕಾಲಿನಲ್ಲಿ ಸಂದರ್ಶನ ನಡೆಯಿತು. ಕಂಪನಿಯ ಮೇಡಂ ಬಹಳ ಮರ್ಯಾದಸ್ಥೆ.

"ನಿಮ್ಮ ನಿರೀಕ್ಷೆ ಎಷ್ಟು ಸರ್?"

"ನೀವ ಹೇಳ್ರಿ ಮೇಡಂ."

"ಇಲ್ಲ ಸರ್, ನೀವು ಹೇಳಿ."

"ದೊಡ್ಡೋರು ನೀವು, ನೀವ ಹೇಳ್ರಿ."

ಹೀಗೇ ಸ್ವಲ್ಪ ಹೊತ್ತು ನಡೆದು, ಕೊನೆಗೆ ಆಕೆಯೇ ಒಂದು ಮೊತ್ತ ಹೇಳಿದರು. ಮಂಡಿಯ ಸಂಬಳದ ಮುಂದೆ ಅದು ಬಹಳ ಚೆನ್ನಾಗಿತ್ತು. ಆಮೇಲೆ, ಅದರಲ್ಲಿ ಇಷ್ಟು ಫಿಕ್ಸೆಡ್, ಇಷ್ಟು ವೇರಿಯಬಲ್ ಎಂದರು.

"ವೇರಿಯಬಲ್ ಅಂದ್ರ?"

"ನೀವು ಮಾರಿದರೆ ಬರೋದು."

"ಮಾರ್ಲಿಲ್ಲಂದ್ರ?"

"ಬರಲ್ಲ."

"ಮತ್ತ ಬರ್ಲಾರದ್ದನ್ನ ಸಂಬಳದಾಗ ಯಾಕ ಕೂಡಿಸೀರಿ?"

"ಎಲ್ಲಾ ಕಡೆ ಹಾಗೇ ಸರ್."

ಇನ್ನೂ ಹೊಲದಲ್ಲಿರುವ ಹತ್ತಿಯನ್ನೂ ಸೇರಿಸಿ ತೂಕ ಹೇಳಿದ ಹಾಗಾಯಿತು. ಇದು ಒಳ್ಳೆಯ ದರವೋ, ಮೋಸವೋ? ತಿಳಿಯಲಿಲ್ಲ. ತಿಳಿಯದಿದ್ದಾಗ ಮೈ ತನಗೆ ಅಭ್ಯಾಸವಿದ್ದದ್ದನ್ನೇ ಮಾಡುತ್ತದೆ. ನಾನು ಎದ್ದೆ. ನಮಸ್ಕಾರ ಕೂಡ ಹೇಳದೆ ಅಂಗಳ ದಾಟಿ ಬೇವಿನ ಮರದ ಕೆಳಗೆ, ಮನೆಗೆ ಬೆನ್ನು ಮಾಡಿ ನಿಂತೆ.

ನಾಗವೇಣಿ ಹಿಂದೆಯೇ ಓಡಿ ಬಂದಳು. "ಏನಾತ್ರಿ? ಆಯಮ್ಮ ಹಲೋ ಹಲೋ ಅನ್ನಾಕತ್ತಾಳ."

"ಅದು ಕರಿಯೋದಲ್ಲ. ನೆಟ್‌ವರ್ಕ್ ನೋಡಾಕತ್ತಾಳ. ಕರೀತಾರ, ತಡಿ."

"ಖಾಲಿ ಖುರ್ಚಿ ನೋಡಿ ಕರೀತಾರೇನು?" ಎಂದು ಒಳಗೆ ಹೋದಳು.

ಬಿಸಿಲು ಮರದ ನೆರಳನ್ನು ನನ್ನ ಕಾಲಿನಿಂದ ಸರಿಸಿತು. ವರ್ಷವಿಡೀ ಬರುವ ಸಂಬಳವನ್ನು ಖುರ್ಚಿಯ ಮೇಲೆ ಬಿಟ್ಟು ಬಂದೆನಲ್ಲ ಅನಿಸತೊಡಗಿತು. ತಿರುಗಿ ನೋಡುವಂತಿಲ್ಲ. ಅಷ್ಟರಲ್ಲಿ ಬಾಗಿಲಿನಿಂದ ನಾಗವೇಣಿ, "ಬರ್ರಿ, ನಿಮ್ಮನ್ನ ಕರ್ಯಾಕತ್ತಾರ," ಎಂದಳು. ಮೊದಲ ಕರೆಗೇ ಹೋಗಬಾರದು. ಹೋದೆ.

"ಬನ್ನಿ ಸರ್, ಕೂತ್ಕೊಳ್ಳಿ," ಎಂದರು ಮೇಡಂ, ನಮ್ಮ ಮನೆಯ ಖುರ್ಚಿಗೇ ನನ್ನನ್ನು ಕರೆದು. ಗೆದ್ದವನ ಗತ್ತಿನಲ್ಲಿ ಕೂತೆ. ಅವರು ಮತ್ತೆ ಅದೇ ಮೊತ್ತ ಹೇಳಿದರು, ಅದೇ ವೇರಿಯಬಲ್ ಹೇಳಿದರು.

"ಏನೂ ಏರಿಸಿಲ್ಲಲ್ಲ ಮೇಡಂ?"

"ಏರಿಸೋ ಅವಶ್ಯಕತೆ ಇಲ್ಲ ಅಂದ್ರು ನಿಮ್ಮ ಮನೆಯವರು. ಒಂದ್ಸಲ ಕರೀರಿ ಸಾಕು, ಅಷ್ಟಕ್ಕೇ ಬರ್ತಾರೆ ಅಂದ್ರು."

ಹೂಂ ಎಂದೆ. ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ನಾಗವೇಣಿಯನ್ನು ಗದರಿಸಿದೆ. "ಇನ್ನೊಂದೀಟು ತಡದಿದ್ರ ಏರಿಸ್ತಿದ್ರು."

"ಮುಂದಿನವ್ರು ಕಾಯಾಕತ್ತಾರಂತ ಕಾಲ್ ಕಟ್ ಮಾಡಾಕ ಕೈ ಹಾಕಿದ್ಳರಿ ಆಯಮ್ಮ," ಎಂದಳು ಅವಳು, ಹಿಟ್ಟು ಜರಡಿ ಹಿಡಿಯುತ್ತಾ.

ಈಗ ಮಂಡಿಯವರು ಯಾರಾದರೂ ಕೆಲಸ ಹೇಗೆ ಸಿಕ್ಕಿತೆಂದು ಕೇಳಿದರೆ, ಎದ್ದು ಹೋಗಿದ್ದ ನನ್ನನ್ನು ಕಂಪನಿಯವರೇ ಕರೆದು ಕೂರಿಸಿದರು ಎನ್ನುತ್ತೇನೆ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ನಾಗವೇಣಿ ಎದುರಿಗಿದ್ದರೆ ಮಾತು ತಿರುಗಿಸಿ ಹತ್ತಿಯ ದರದ ಬಗ್ಗೆ ಮಾತಾಡುತ್ತೇನೆ.