ಗುಮಿಕಿ ಬಂದ ಸಂಜೆ

ಸಂಜೆ ಐದಕ್ಕೆ ಪಾರ್ಥಸಾರಥಿ ಬಚ್ಚಲ ಕದ ಹಾಕಿಕೊಂಡು ಬಲಗೈ ಉಂಗುರದ ಬೆರಳಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದ. ಉಂಗುರ ಗೆಣ್ಣಿನವರೆಗೆ ಬಂದು ಅಲ್ಲೇ ಮುಷ್ಕರ ಹೂಡಿತು.

ಅದು ಮದುವೆಯಲ್ಲಿ ಮಾವ ತೊಡಿಸಿದ್ದು. ಕಳಚಲು ಹೆಂಡತಿ ಕೋಮಲವಲ್ಲಿ ಇಪ್ಪತ್ತಾರು ವರ್ಷದಿಂದ ಬಿಟ್ಟಿಲ್ಲ. ಆದರೆ ಹಳೇಬೀಡಿನ ಮೃದಂಗದ ಮೇಷ್ಟ್ರು ಹನುಮಯ್ಯ ಭಾನುವಾರ ಖಡಾಖಂಡಿತವಾಗಿ ಹೇಳಿದ್ದರು: "ಉಂಗುರ ಹಾಕ್ಕಂಡು ನುಡಿಸಿದ್ರೆ ಚರ್ಮ ಹರೀತದೆ ಸ್ವಾಮಿ. ಬಾಗಿಲು ತಟ್ಟಿದಂಗೆ ತಟ್ಟಬ್ಯಾಡಿ. ಮಣಿಕಟ್ಟು ಸಡಿಲ ಬಿಡಿ, ಬೆರಳು ಆಡ್ಲಿ."

ಬೇಲೂರಿನ ಹೈಸ್ಕೂಲೊಂದರ ಗುಮಾಸ್ತನಾದ ಅವನ ಬೆರಳುಗಳಿಗೆ ಮೂರು ತಿಂಗಳಿಂದ ನೆಮ್ಮದಿಯಿರಲಿಲ್ಲ. ಹಾಜರಿ ಪುಸ್ತಕದ ಮೇಲೆ, ಬಸ್ಸಿನ ಸೀಟಿನ ಮೇಲೆ, ಒಮ್ಮೆ ಮುಂದೆ ಕೂತವರ ಬೋಳುತಲೆಯ ಅಂಚಿನವರೆಗೂ (ಸಮಯಕ್ಕೆ ಸ್ಟಾಪು ಬಂತು) ಆಡಿದ್ದವು. ಆದರೂ ಮೃದಂಗದ ಎಡಗಡೆಯ ಆ ಗುಂಯ್ ಎನ್ನುವ ನಾದ, ಗುಮಿಕಿ, ಬಂದಿರಲಿಲ್ಲ.

ಕೋಮಲವಲ್ಲಿ ದೇವಸ್ಥಾನದಿಂದ ಬರುವುದರೊಳಗೆ ಅಭ್ಯಾಸ ಮುಗಿಯಬೇಕು. ಉಂಗುರದ ಆಸೆ ಬಿಟ್ಟು, ಎಡಗಡೆಗೆ ಮೆತ್ತುವ ರವೆಯನ್ನು ಎಣ್ಣೆಗೈಯಲ್ಲೇ ಕಲಸಿ, ಮೆತ್ತಿ, ಕೂತ. ಅಂದು ಬೆರಳು ಎಷ್ಟು ಹಗುರ! ಸಾಧನೆಯ ಫಲ ಎಂದುಕೊಂಡ. ಎಡಗೈ ಒತ್ತಿದ. ಗುಂಯ್... ಹಿಂದೆಯೇ ಸಣ್ಣದೊಂದು ಝಿಣ್! ಕಣ್ಣಲ್ಲಿ ನೀರಾಡಿತು. ಫೋನಿನಲ್ಲೇ ಮೇಷ್ಟ್ರಿಗೆ ಕೇಳಿಸಿದ.

"ಗುಮಿಕಿ ಸರಿ. ಆ ಗೆಜ್ಜೆ ಯಾಕೆ ಕಟ್ಟಿದ್ರಿ?" ಎಂದರು ಹನುಮಯ್ಯ.

ಹೊಟ್ಟೆಕಿಚ್ಚು ಎಂದುಕೊಂಡು ಪಾರ್ಥಸಾರಥಿ ಗುನುಗುತ್ತ ರವೆ ಕೆರೆದು, ಉಂಡೆ ಮಾಡಿ, ಹಿತ್ತಿಲ ಕಲಗಚ್ಚಿನ ಬಕೆಟ್ಟಿಗೆ ಹಾಕಿದ. ಎದುರುಮನೆ ಬಸಮ್ಮ ತನ್ನ ಹಸು ಗೌರಿಗೆಂದು ಬಕೆಟ್ಟು ಒಯ್ದಳು.

ಆರಕ್ಕೆ ಕೋಮಲವಲ್ಲಿ ಕಾಫಿ ಕೊಟ್ಟಳು. "ನಾಳೆ ಹತ್ತೂವರೆ ಬಸ್ಸಿಗೆ ಅರಸೀಕೆರೆಯಿಂದ ಅಪ್ಪ ಬರ್ತಾರೆ. ಬಂದವರೇ ನಿಮ್ಮ ಕೈ ಹಿಡಿದು ನೋಡೋದು ಉಂಗುರಾನೇ. ರೀ... ಎಲ್ರೀ ಅದು?"

"ಬೆರಳಲ್ಲಿ."

"ಯಾರ ಬೆರಳಲ್ಲಿ?"

ಅವನು ನೋಡಿಕೊಂಡ. ಎಣ್ಣೆ, ರವೆ, ಝಿಣ್, ಗೆಜ್ಜೆ ಎಲ್ಲವೂ ಸಾಲಾಗಿ ಬಂದು ಎದುರು ನಿಂತವು. ಓಡಿದ.

"ಬಕೆಟ್ಟು ನೆಕ್ಕಿ ಮುಗಿಸೈತೆ ಸ್ವಾಮಿ," ಎಂದಳು ಬಸಮ್ಮ. "ಬೆಳಿಗ್ಗೆ ಬನ್ನಿ. ಬಂದ್ರೆ ಬಂತು."

ಬೆಳಿಗ್ಗೆ ಆರಕ್ಕೆ ಪಾರ್ಥಸಾರಥಿ ಪಂಚೆ ಎತ್ತಿ ಕಟ್ಟಿ ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಬಸಮ್ಮ ಸ್ವಲ್ಪ ಹೊತ್ತು ನೋಡಿದಳು.

"ಅದೇನ್ ಸ್ವಾಮಿ, ಸಗಣಿನ ಹಿಂಗೆ ತಟ್ಟಿದ್ರೆ ಸಿಕ್ತದಾ? ಮಣಿಕಟ್ಟು ಸಡಿಲ ಬಿಡಿ. ಬೆರಳಾಡ್ಸಿ."

ಬೆರಳಾಡಿಸಿದ. ಇಷ್ಟು ಚೊಕ್ಕವಾಗಿ ಅವನ ಕೈ ಹಿಂದೆಂದೂ ಆಡಿರಲಿಲ್ಲ. ಉಂಗುರ ಮಾತ್ರ ಸಿಗಲಿಲ್ಲ.

ಬಸ್ಸಿಳಿದು ಬಂದ ಮಾವ ಪ್ರೀತಿಯಿಂದ ಅಳಿಯನ ಕೈಗೆ ಕೈ ಚಾಚಿದರು. ಮೂಗು ಅರಳಿತು. ಚಾಚಿದ ಕೈಯನ್ನು ಹಾಗೇ ಎತ್ತಿ ಆಶೀರ್ವಾದ ಮಾಡಿಬಿಟ್ಟರು.

ಮಾವ ಮೂರು ದಿನ ಇರುತ್ತಾರೆ. ಬಸಮ್ಮ ಕೊಟ್ಟಿಗೆ ಗುಡಿಸುವುದು ದಿನಕ್ಕೆ ಎರಡು ಸಲ.