ಮೂರನೆಯ ಚೀಟಿ

ಮುದ್ರಣಾಲಯದ ಬಾಗಿಲಿಗೆ ಅಂಟಿಸಿದ್ದ ನೋಟಿಸು ಓದಿ ಕರಡು ತಿದ್ದುವವನ ಎದೆ ಧಸಕ್ಕೆಂದಿತು. ಇವತ್ತು ಎಲ್ಲರ ತಲೆಗೂ ತಂತಿಯ ಟೋಪಿ ಹಾಕಿ, ಕಣ್ಣಿನೆದುರು ಕ್ಯಾಮೆರಾ ಇಟ್ಟು, ಮನಸ್ಸು ಕೆಲಸದ ಮೇಲಿದೆಯೋ ಇಲ್ಲವೋ ನೋಡುತ್ತಾರಂತೆ. ಇಲ್ಲದವರಿಗೆ ನಾಳೆಯಿಂದ ಮನೆಯೇ ಗತಿ.

ಪಾಪ, ತನ್ನ ಬಂಡವಾಳ ಅವನಿಗೇ ಗೊತ್ತಿತ್ತು. ಕಣ್ಣನ್ನು ಹಾಳೆಯ ಮೇಲೆ ಬಿಟ್ಟು, ಸೋರುವ ಮಾಡು, ಅತ್ತಿಗೆಯ ಜಗಳ, ಮಗಳ ಪರೀಕ್ಷೆ ಎಂದು ಊರೆಲ್ಲ ಸುತ್ತಿ ಬರುವ ಆಸಾಮಿ ಅವನು.

"ಮುಗೀತು ನಿನ್ ಕತೆ," ಎಂದ ಅಚ್ಚುಯಂತ್ರದವನು. "ಎಣಿಸ್ತಿದ್ದೀಯೋ, ಓದ್ತಿದ್ದೀಯೋ, ಎಲ್ಲಾ ಪರದೆ ಮೇಲೆ ಬರತ್ತೆ. ಹೆಂಡ್ತಿಗೂ ಗೊತ್ತಿಲ್ದಿರೋದು ಯಜಮಾನ್ರಿಗೆ ಗೊತ್ತಾಗತ್ತೆ!"

"ಸುಮ್ನಿರೋ, ಹೆದರಿಸ್ಬೇಡ," ಎಂದು ಬೈಂಡಿಂಗ್ ಅಕ್ಕ ಅವನನ್ನು ಗದರಿ, ಇವನ ಕಡೆ ತಿರುಗಿದಳು. "ನೋಡಪ್ಪಾ, ಒಂದೊಂದೇ ಚೀಟಿ ತೋರಿಸ್ತಾರೆ. ಅದ್ರಲ್ಲಿ ಇರೋದನ್ನ ಇದ್ದ ಹಾಗೇ ಮಾಡು. ತಲೆ ಮಾತ್ರ ಓಡಿಸ್ಬೇಡ. ಬೆಳಿಗ್ಗೆ ನಾವೆಲ್ಲ ಪಾಸಾಗಿಲ್ವಾ?"

ಅವನು ಹೋಗಿ ಕುರ್ಚಿಯಲ್ಲಿ ಕೂತ. ಪರೀಕ್ಷೆಯ ಮೇಡಂ ನೆತ್ತಿಗೆ ತಣ್ಣನೆಯ ಅಂಟು ಹಚ್ಚಿ, ಟೋಪಿ ಬಿಗಿದು, ಮೊದಲ ಚೀಟಿ ಹಿಡಿದರು. 'ಎಣಿಸು.' ಎಣಿಸಿದ. ಪರದೆಯೂ 'ಎಣಿಕೆ' ಎಂದಿತು. 'ನೆನಪಿಸಿಕೋ.' ಅಮ್ಮನ ಮುಖ ನೆನೆದ. ಅದೂ ಸರಿಹೋಯಿತು.

ಮೂರನೆಯ ಚೀಟಿ ಬಂತು. ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಮೇಲುಗಡೆ ದಪ್ಪಕ್ಷರದಲ್ಲಿ 'ಓಡು' ಎಂದಿತ್ತು, ಕೆಳಗೆ ನಾಲ್ಕು ಸಾಲಿನ ಕತೆ. ಅಯ್ಯೋ ದೇವರೇ, ಇದೆಂಥ ಪರೀಕ್ಷೆ? ಆದರೆ ತಲೆ ಓಡಿಸುವಂತಿಲ್ಲವಲ್ಲ!

ಕಾಲನ್ನೇ ಓಡಿಸಿದ. ಹಿಂದೆ ತಂತಿ, ತಂತಿಯ ಹಿಂದೆ ಯಂತ್ರ, ಯಂತ್ರದ ಹಿಂದೆ ಮೇಡಂ. ಕಾಗದದ ಅಟ್ಟಿಗಳೆಲ್ಲ ಚೆಲ್ಲಾಪಿಲ್ಲಿ. ಬಾಗಿಲಲ್ಲಿ ಯಜಮಾನರಿಗೇ ಢಿಕ್ಕಿ ಹೊಡೆದು ನಿಂತ.

"ಏನಯ್ಯಾ ಇದು ಹುಚ್ಚಾಟ?"

"ಚೀಟೀಲಿ ಓಡು ಅಂತಿದೆ ಸಾರ್!"

ಮೇಡಂ ಏದುಸಿರು ಬಿಡುತ್ತ ಚೀಟಿ ನೋಡಿದರು. "ಹೌದಲ್ಲ! ಬೆಳಿಗ್ಗೆಯಿಂದ ಹನ್ನೊಂದು ಜನ ಇದನ್ನ 'ಓದು' ಅಂತ್ಲೇ ಓದಿದ್ರು. ನಾನೂ ಅಷ್ಟೇ. ಅಕ್ಷರ ಬಿಡದೆ ನೋಡಿದ್ದು ಇವರೊಬ್ಬರೇ. ಇಂಥ ಗಮನ ನಾನೆಲ್ಲೂ ಕಂಡಿಲ್ಲ ಸಾರ್."

ಯಜಮಾನರು ಅವನ ಹೆಗಲ ಮೇಲೆ ಕೈಯಿಟ್ಟರು. "ಭೇಷ್! ನಿನ್ನ ಕೆಲಸಕ್ಕೇನೂ ಭಯ ಇಲ್ಲ." ಅವನಿಗೆ ಹೋದ ಜೀವ ಬಂದಂತಾಯಿತು.

"ಅದ್ಸರಿ," ಎಂದು ಯಜಮಾನರು ನಕ್ಕರು, "ಇಷ್ಟು ದೊಡ್ಡ ತಪ್ಪನ್ನ ಅಚ್ಚು ಹಾಕಿಕೊಟ್ಟ ಕತ್ತೆ ಯಾರು ಮೇಡಂ?"

"ನೀವೇ ಸಾರ್. ಹೋದ ವಾರ ಇಲ್ಲೇ ಮಾಡ್ಸಿದ್ದು."

ಯಜಮಾನರ ನಗು ನಿಂತಿತು. "ಹಾಗಾದ್ರೆ ಕರಡು ನೋಡಿದ್ದು..."

ಹೆಗಲ ಮೇಲಿದ್ದ ಕೈ ನಿಧಾನವಾಗಿ ಅಂಗಿಯ ಕಾಲರಿಗೆ ಬಂತು.