ಒಂದು ರೂಪಾಯಿಯ ತಾಳೆ

ಹಣದ ಮೇಲೆ ನನಗೆ ಭಕ್ತಿ ಹುಟ್ಟಿದ್ದು ಅದು ಕಣ್ಣಿಗೆ ಕಾಣುವುದನ್ನು ಬಿಟ್ಟ ಮೇಲೆ. ನೋಟುಗಳು ಕೈಗೆ ಬರುತ್ತಿದ್ದ ಕಾಲದಲ್ಲಿ ಅವುಗಳ ಬಗ್ಗೆ ನನಗಿದ್ದದ್ದು ಸಲಿಗೆ ಮಾತ್ರ. ಒಂದಕ್ಕೆ ಸುಣ್ಣ ಅಂಟಿರುತ್ತಿತ್ತು, ಇನ್ನೊಂದಕ್ಕೆ ತಂಬಾಕಿನ ವಾಸನೆ, ಮತ್ತೊಂದು ಯಾರದೋ ಸೊಂಟದ ಬೆವರಲ್ಲಿ ನೆಂದು ಮೆತ್ತಗಾಗಿರುತ್ತಿತ್ತು. ಅಂಥದ್ದರ ಮೇಲೆ ಭಕ್ತಿ ಹುಟ್ಟುವುದು ಕಷ್ಟ. ಈಗ ನೋಡಿ, ಯಾರೋ ಹೊಲದ ಬದುವಿನ ಮೇಲೆ ನಿಂತು ಬೆರಳಾಡಿಸುತ್ತಾರೆ, ಇಲ್ಲಿ ನನ್ನ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಒಂದು ಸಾಲು ಮೂಡುತ್ತದೆ. ನಡುವೆ ದಾರಿಯಿಲ್ಲ, ಬಸ್ಸಿಲ್ಲ, ಟಪಾಲಿನವನಿಲ್ಲ. ಅಷ್ಟು ಹೊತ್ತು ಹಣ ಎಲ್ಲಿರುತ್ತದೆ ಎಂದು ಬ್ಯಾಂಕಿನ ಮ್ಯಾನೇಜರನ್ನೇ ಕೇಳಿದ್ದೆ. ಅವರು ಮೇಲಕ್ಕೆ ಕೈ ತೋರಿಸಿದರು. ನಮ್ಮ ಮಾವನವರು ಮಾತ್ರ ಇದಕ್ಕೆ ಉತ್ತರ ಕಂಡುಕೊಂಡಿದ್ದಾರೆ. "ರೊಕ್ಕ ಕಳಿಸಿದ ಮ್ಯಾಲ ಫೋನ್ ಮುಟ್ಟಿ ನೋಡ್ರಿ, ಬೆಚ್ಚಗಿರ್ತದ. ಅದರಾಗಿಂದ ಹಾದು ಹೋಗಿರ್ತದಲ್ಲ!" ಎನ್ನುತ್ತಾರೆ. ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಇನ್ನೂ ಸಿಕ್ಕಿಲ್ಲ.

ನಾನು ಸುರಪುರದವನು. ಕೆಲಸ ಶಹಾಪುರದ ಒಂದು ದೊಡ್ಡ ವಿದ್ಯಾಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ. ಎಷ್ಟು ದೊಡ್ಡದು ಎಂದು ನನಗೂ ಪೂರ್ತಿ ಗೊತ್ತಿಲ್ಲ. ಶಿಶುವಿಹಾರದಿಂದ ನರ್ಸಿಂಗ್ ಕಾಲೇಜಿನವರೆಗೆ ಎಲ್ಲವೂ ಇದೆ, ಯಾದಗಿರಿಯಲ್ಲಿ ಶಾಖೆಗಳಿವೆ, ಹಾಸ್ಟೆಲ್ಲುಗಳಿವೆ. ಈ ಎಲ್ಲ ಕಡೆಯಿಂದ ಬ್ಯಾಂಕಿಗೆ ಬಂದು ಬೀಳುವ ಹಣ ಯಾವ ಮಗುವಿನದು ಎಂದು ಗುರುತಿಸಿ, ನಮ್ಮ ಪುಸ್ತಕದೊಂದಿಗೆ ತಾಳೆ ನೋಡುವುದು ನನ್ನ ಕೆಲಸ. ಮದುವೆಯಲ್ಲಿ ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಎದುರುಬದುರು ಕೂತಿರುತ್ತಾರಲ್ಲ, ಹಾಗೆ ಒಂದು ಕಡೆ ಬ್ಯಾಂಕಿನ ಲೆಕ್ಕ, ಇನ್ನೊಂದು ಕಡೆ ನಮ್ಮ ಲೆಕ್ಕ. ಇಬ್ಬರೂ ಒಪ್ಪುವತನಕ ನಡುವಿನವನಿಗೆ ಊಟವಿಲ್ಲ. ಮೊದಲು ಇದು ಬಹಳ ಕಷ್ಟವಿತ್ತು. ಹುಡುಗಿಯ ಫೀಸು ಕಟ್ಟುವವನು ಸೋದರಮಾವ, ಅವನ ಸಿಮ್ಮು ಭಾವಮೈದುನನ ಹೆಸರಲ್ಲಿ, ಖಾತೆ ಹೆಂಡತಿಯದು. ಗುರುಮಠಕಲ್ ಕಡೆಯಿಂದ ಬಂದ ಹಣಕ್ಕೆ ಅಪ್ಪಟ ತೆಲುಗು ಹೆಸರು. ಕೊನೆಗೆ ಸಂಸ್ಥೆಯವರು ಒಬ್ಬೊಬ್ಬ ವಿದ್ಯಾರ್ಥಿಗೂ ಬೇರೆ ಬೇರೆ ಕ್ಯೂಆರ್ ಕೋಡ್ ಮಾಡಿಕೊಟ್ಟರು. ಹಣ ಯಾರೇ ಹಾಕಲಿ, ಎಲ್ಲಿಂದಲೇ ಹಾಕಲಿ, ಕಂಪ್ಯೂಟರು ಮಗುವನ್ನು ತಾನೇ ಹುಡುಕಿ, ಮನೆಯವರ ಮೊಬೈಲಿಗೆ ಒಂದು ಸಂದೇಶ ಕಳಿಸುತ್ತದೆ: "ತಮ್ಮ ಪಾವತಿ ನಮಗೆ ತಲುಪಿದೆ. ಧನ್ಯವಾದಗಳು." ಈ ವಾಕ್ಯ ನನ್ನದು. ಇಂಗ್ಲಿಷಿನಲ್ಲಿರಲಿ ಎಂದವರ ಜೊತೆ ಜಗಳವಾಡಿ ಕನ್ನಡದಲ್ಲಿ ಹಾಕಿಸಿದ್ದೇನೆ. ಜಿಲ್ಲೆಯಲ್ಲಿ ನನ್ನಷ್ಟು ಓದುಗರಿರುವ ಲೇಖಕ ಬೇರೊಬ್ಬನಿಲ್ಲ ಎಂಬ ಸಣ್ಣ ಹೆಮ್ಮೆಯೂ ಇದೆ.

ಇಷ್ಟೆಲ್ಲ ಸಸೂತ್ರವಾಗಿ ನಡೆದಿರುವಾಗ ರೇಣುಕಾ ಎಂಬ ಹುಡುಗಿಯ ಲೆಕ್ಕದಲ್ಲಿ ಒಂದೊಂದೇ ರೂಪಾಯಿ ಬಂದು ಬೀಳಲು ಶುರುವಾಯಿತು. ರೇಣುಕಾ ನರ್ಸಿಂಗ್ ಓದುತ್ತಾಳೆ, ಫೋನಿಗೆ ಅವಕಾಶವಿಲ್ಲದ ನಮ್ಮ ಹಾಸ್ಟೆಲ್ಲಿನಲ್ಲೇ ಇರುತ್ತಾಳೆ, ಊರು ಗೋಗಿ. ಅವಳ ಫೀಸು ಪೂರ್ತಿ ಬಂದಿತ್ತು, ಬಾಕಿ ಏನೇನೂ ಇರಲಿಲ್ಲ. ಆದರೂ ಎರಡು ದಿನಕ್ಕೋ ಮೂರು ದಿನಕ್ಕೋ ಬೀರಪ್ಪ ಎಂಬ ಹೆಸರಿನಿಂದ ಒಂದು ರೂಪಾಯಿ. ನಮ್ಮ ಕಡೆ ಜನ ದೊಡ್ಡ ಮೊತ್ತ ಕಳಿಸುವ ಮುಂಚೆ ಒಂದು ರೂಪಾಯಿ ಹಾಕಿ ದಾರಿ ಸರಿಯಿದೆಯೋ ಇಲ್ಲವೋ ನೋಡುವುದುಂಟು. ಹೊಸ ಹಳ್ಳಕ್ಕೆ ಇಳಿಯುವವನು ಮೊದಲು ಕೋಲು ಇಟ್ಟು ನೋಡುವುದಿಲ್ಲವೇ, ಹಾಗೆ. ಆದರೆ ಈ ಮನುಷ್ಯ ಕೋಲು ಇಡುತ್ತಲೇ ಇದ್ದ, ಹಳ್ಳ ಮಾತ್ರ ದಾಟುತ್ತಿರಲಿಲ್ಲ.

ರೂಪಾಯಿ ಚಿಕ್ಕದು, ಅದರ ಉಪದ್ರವ ಚಿಕ್ಕದಲ್ಲ. ಲಕ್ಷ ರೂಪಾಯಿಗೆ ಎಷ್ಟು ಕೆಲಸವೋ ಒಂದು ರೂಪಾಯಿಗೂ ಅಷ್ಟೇ ಕೆಲಸ. ರಸೀದಿಯಾಗಬೇಕು, ಯಾವುದಾದರೂ ಬಾಬ್ತಿಗೆ ಸೇರಬೇಕು, ಆಡಿಟರು ಕೇಳಿದರೆ ಉತ್ತರ ಇರಬೇಕು. ನಮ್ಮ ಲೆಕ್ಕಾಧಿಕಾರಿ ಸುಜಾತಾ ಮೇಡಂ ಆ ಸಾಲುಗಳನ್ನು ನೋಡಿ, "ಇವರು ಫೀಸು ಕಟ್ಟಾಕತ್ತಾರೋ, ಹುಂಡಿಗಿ ಹಾಕಾಕತ್ತಾರೋ? ಫೀ ಮುಗಿದದಲ್ಲ, ಆ ಕೋಡ್ ಬಂದ್ ಮಾಡಿಬಿಡ್ರಿ" ಎಂದರು. ಮಾಡಿದೆ. ಒಂದು ಗುಂಡಿ ಒತ್ತುವಷ್ಟೇ ಕೆಲಸ. ಅಂದು ಲೆಕ್ಕ ತಾಳೆಯಾಗಿ, ಹಗುರಾಗಿ ಸುರಪುರದ ಬಸ್ಸು ಹತ್ತಿದೆ.

ಮುಂದಿನ ವಾರ ಫೀಸು ಕಟ್ಟುವ ಕಿಟಕಿಯ ಹತ್ತಿರ ಗದ್ದಲ. ಒಬ್ಬ ಹೆಂಗಸು ಸಾಲನ್ನೆಲ್ಲ ಸರಿಸಿಕೊಂಡು ಮುಂದೆ ಬಂದು, ಸಣ್ಣ ಗುಂಡಿ ಫೋನೊಂದನ್ನು ಕಿಟಕಿಯೊಳಗೆ ಚಾಚಿ ನಿಂತಿದ್ದಳು. "ಇದರಾಗ ಮೆಸೇಜ್ ಬರೂದು ನಿಂತದ. ಯಾಕ್ ನಿಂತದ ಹೇಳ್ರಿ" ಎಂದಳು. ಅವಳೇ ರೇಣುಕಾಳ ತಾಯಿ ಮಾಳಮ್ಮ. ಷೇರ್ ಆಟೋ ಹಿಡಿದು ಗೋಗಿಯಿಂದ ಬಂದಿದ್ದಳು. ಒಳಗೆ ಕರೆದು ಕೂಡಿಸಿ, "ಅವ್ವಾರೆ, ಫೀಸ್ ಎಲ್ಲಾ ಮುಗಿದದ, ಅದಕ್ಕ ನಾವೇ ಬಂದ್ ಮಾಡೀವಿ. ಫಿಕರ್ ಮಾಡಬ್ಯಾಡ್ರಿ" ಎಂದೆ.

"ಫೀಸಿನ ಫಿಕರ್ ಯಾರಿಗದ್ರಿ?" ಎಂದಳು. "ಆಂವ ಇದ್ದಾನೋ ಇಲ್ಲೋ, ನನಗ ಅದು ಗೊತ್ತಾಗಬೇಕಾಗ್ಯದ."

ಆಮೇಲೆ ಅವಳು ಹೇಳಿದ್ದು ಇಷ್ಟು. ಗಂಡ ಬೀರಪ್ಪ ಕುರಿ ಕಾಯುವವನು. ಮೇವು ಹುಡುಕಿಕೊಂಡು ಹಿಂಡಿನ ಜೊತೆ ಗುರುಮಠಕಲ್ ದಾಟಿ ತೆಲಂಗಾಣದ ಕಡೆ ಹೋಗಿದ್ದಾನೆ. ಹೋಗುವ ಮುಂಚೆ ಅವಳು ಮರಿಯಿಂದ ಕೈಯಾರೆ ಹಾಲು ಕುಡಿಸಿ ಬೆಳೆಸಿದ ಟಗರನ್ನು ಸಂತೆಯಲ್ಲಿ ಮಾರಿ, ಮಗಳ ಫೀಸು ಕಟ್ಟಿಬಿಟ್ಟ. ಟಗರು ಹೋದದ್ದು ಅವಳಿಗೆ ತಿಳಿದದ್ದು ನಮ್ಮ ಸಂದೇಶದಿಂದ. 'ತಮ್ಮ ಪಾವತಿ ನಮಗೆ ತಲುಪಿದೆ' ಎಂದು ಓದಿ, ಫೀಸಿಗೆ ಹಣ ಎಲ್ಲಿಂದ ಬಂತು ಎಂದು ದೊಡ್ಡಿಗೆ ಹೋಗಿ ನೋಡಿದರೆ ಗೂಟ ಮಾತ್ರ ಇತ್ತಂತೆ. "ಮಗಳ ಸಲುವಾಗಿ ಮಾರ್ತೀನಿ ಅಂದ್ರ ನಾ ಬ್ಯಾಡ ಅಂತಿದ್ದೆನೇನ್ರಿ? ಒಂದ್ ಮಾತು ಕೇಳಬೇಕಿತ್ತು. ಕೇಳಲಿಲ್ಲ." ಅಷ್ಟಕ್ಕೇ ಜಗಳ. ಅವನ ಫೋನು ಎತ್ತುವುದಿಲ್ಲ, ತಾನಾಗಿ ಮಾಡುವುದೂ ಇಲ್ಲ ಎಂದು ಇವಳು ಆಣೆ ಹಾಕಿಕೊಂಡಳು. ಅವನು ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಆಮೇಲೆ ಒಂದು ದಿನ ನಮ್ಮ ಸಂಸ್ಥೆಯ ಸಂದೇಶ ಬಂತು. ಫೀಸು ಮುಗಿದ ಮೇಲೆ ಮತ್ತೇಕೆ ಬಂತು ಎಂದು ಹಾಸ್ಟೆಲ್ಲಿಗೆ ಬಂದು ಮಗಳನ್ನು ಕೇಳಿದರೆ, ಅವಳು ಕಾಲೇಜಿನ ಕಂಪ್ಯೂಟರಿನಲ್ಲಿ ತನ್ನ ಲೆಕ್ಕ ನೋಡಿ, "ಅಪ್ಪ ಒಂದ್ ರೂಪಾಯಿ ಹಾಕ್ಯಾನ" ಎಂದಳಂತೆ. ಎಲ್ಲಿಂದ ಹಣ ಹಾಕಿದರೂ ಸಂದೇಶ ಹೆಂಡತಿಯ ಫೋನಿಗೇ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಜಗಳ ಶುರುವಾದದ್ದೇ ಹಾಗಲ್ಲವೇ!

"ಮೆಸೇಜ್ ಬಂತಂದ್ರ ಆಂವ ಆರಾಮ್ ಇದ್ದಾನ ಅಂತ ನನಗ ಖಬರ್ ಆಗ್ತಿತ್ತು" ಎಂದಳು ಮಾಳಮ್ಮ. "ಲಗ್ನ ಆದಾಗಿಂದ ಒಂದ್ ದಿನ ಆಂವ ನನಗ ಧನ್ಯವಾದ ಅಂದವ ಅಲ್ರಿ. ಅದರಾಗ ಅಂತಿದ್ದ."

ಅದು ನನ್ನ ವಾಕ್ಯ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ನಾನು ಬೆರಗಾಗಿ ಕೂತಿದ್ದೆ. ಬ್ಯಾಂಕುಗಳು, ಫೋನ್ ಕಂಪನಿಗಳು ಎಷ್ಟೋ ಖರ್ಚು ಮಾಡಿ, ಗೋಪುರ ಕಟ್ಟಿ, ತಂತಿ ಎಳೆದು ಇಷ್ಟು ದೊಡ್ಡ ವ್ಯವಸ್ಥೆ ಮಾಡಿವೆ. ಗುಡಿಸಲೂ ಇಲ್ಲದ ಒಂದು ಬಯಲಿನಿಂದ ಒಬ್ಬ ಕುರಿಗಾರ ಆ ಇಡೀ ವ್ಯವಸ್ಥೆಯನ್ನು ಹೆಂಡತಿಯ ಮುನಿಸಿನ ಬಾಗಿಲು ತಟ್ಟಲು ಬಳಸಿಕೊಂಡಿದ್ದ, ಖರ್ಚು ಒಂದೇ ರೂಪಾಯಿ. ಆ ಬಾಗಿಲಿಗೆ ನಾನು ಅಗಳಿ ಹಾಕಿ, ಲೆಕ್ಕ ತಾಳೆಯಾಯಿತೆಂದು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮನೆಗೆ ಹೋಗಿದ್ದೆ.

ಪ್ರವೇಶದ ಅರ್ಜಿಯಲ್ಲಿ ಬೀರಪ್ಪನ ನಂಬರಿತ್ತು. ಆಣೆ ಮುರಿಯದ ಹಾಗೆ ಆಫೀಸಿನ ಫೋನಿನಿಂದ ನಾನೇ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ, ಸ್ವಿಚ್ ಆಫ್. ಮಾಳಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಸಾಲಿನಲ್ಲಿದ್ದವರಿಗೆಲ್ಲ ಆಗಲೇ ಸಂಗತಿ ಗೊತ್ತಾಗಿತ್ತು. "ನಮ್ದೇನ್ ಅವಸರ ಇಲ್ರಿ, ಮೊದ್ಲು ಅದನ್ನ ನೋಡ್ರಿ" ಎಂದು ಹಿಂದಿನಿಂದ ಮುದುಕರೊಬ್ಬರು ಕೂಗಿದರು. ಸುಜಾತಾ ಮೇಡಂ ತಮ್ಮ ಕೋಣೆಯಿಂದ ಎದ್ದು ಬಂದು, ಯಾಕೆ ಏನು ಎಂದು ಕೇಳಿ ತಿಳಿದುಕೊಂಡು ಅಲ್ಲೇ ನಿಂತರು. ಚಹಾ ಕುಡಿದು ಮತ್ತೆ ಮಾಡಿದಾಗ ರಿಂಗಾಯಿತು. ಮೊದಲು ಕೇಳಿಸಿದ್ದು ಕುರಿಗಳ ದನಿ, ಆಮೇಲೆ ಮನುಷ್ಯನದು.

"ಬೀರಪ್ಪನವರೇನ್ರಿ? ಕಾಲೇಜಿನಿಂದ ಮಾತಾಡಾಕತ್ತೀನಿ."

"ಹೌದ್ರಿ ಸಾಹೇಬ್ರ. ಚಾರ್ಜ್ ಮಾಡಾಕ ಊರಾಗ ಕೊಟ್ಟಿದ್ದೆ, ಈಗ ತಂದೀನಿ. ರೂಪಾಯಿ ಹಾಕಿದ್ರ ಹೊಳ್ಳಿ ಬರಾಕತ್ತದ್ರಿ. ಅಕಿನೇ ನಿಮಗ ಹೇಳಿ ಬಂದ್ ಮಾಡ್ಸ್ಯಾಳ ಅಂತ ತಿಳ್ಕೊಂಡೀನಿ. ಇರ್ಲಿ ಬಿಡ್ರಿ. ನಂದೇ ತಪ್ಪದ, ಕೇಳಬೇಕಿತ್ತು."

ಫೋನು ಸ್ಪೀಕರಿನಲ್ಲಿತ್ತು. ಕಿಟಕಿಯ ಆಚೆ, ಈಚೆ ಎಲ್ಲರೂ ಮಾಳಮ್ಮನನ್ನೇ ನೋಡಿದರು. ಅವಳು ಗೋಡೆಯ ಕಡೆ ಮುಖ ಮಾಡಿ, "ಕುರಿ ಹೆಂಗದಾವ?" ಎಂದಳು. ಮೊದಲು ಕುರಿಗಳೇ ಉತ್ತರ ಕೊಟ್ಟವು. ಆಮೇಲೆ ಅವನು, "ಚಲೋ ಅದಾವ" ಎಂದ. ಅವಳು, "ಉಂಡ್ರೇನು?" ಎಂದಳು. ಬೆಳಿಗ್ಗೆಯಿಂದ 'ಆಂವ' ಆಗಿದ್ದವನು ಒಂದೇ ಕ್ಷಣದಲ್ಲಿ ಬಹುವಚನವಾಗಿಬಿಟ್ಟಿದ್ದ. ನಾನು ಸ್ಪೀಕರ್ ಬಂದ್ ಮಾಡಿ ಫೋನನ್ನು ಅವಳ ಕೈಗೆ ಕೊಟ್ಟೆ. ಸಾಲಿನಲ್ಲಿದ್ದವರಿಗೆ ಸ್ವಲ್ಪ ಬೇಸರವಾಯಿತು.

ಸಂಜೆ ಆ ರೂಪಾಯಿಗಳ ವಿಷಯ ಮೇಡಂ ಮುಂದೆ ಹೋಯಿತು. ಕೋಡ್ ಮತ್ತೆ ತೆರೆಯಲೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ತೆರೀರಿ. ಮುಂದಿನ ವರ್ಷದ ಫೀಸಿನ ಮುಂಗಡ ಅಂತ ಹಾಕ್ರಿ. ಆಡಿಟರಿಗೆ ನಾ ಹೇಳ್ತೀನಿ" ಎಂದರು. ಅವರ ದನಿ ಅಷ್ಟು ಮೆತ್ತಗಿದ್ದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆದರೆ ತೆರೆದ ಮೇಲೆ ರೂಪಾಯಿ ಬರಲೇ ಇಲ್ಲ. ಮಾತಾಡಲು ಗಂಡ ಹೆಂಡತಿಗೆ ಈಗ ಬೇರೆ ದಾರಿ ಇತ್ತು. ರೇಣುಕಾಳ ಲೆಕ್ಕ ಸ್ವಚ್ಛವಾಗಿ ಉಳಿಯಿತು. ದಿನಾ ಬೆಳಿಗ್ಗೆ ನಾನು ಅದನ್ನು ತೆರೆದು ನೋಡಿ, ಏನೂ ಬಂದಿಲ್ಲವೆಂದು ಖುಷಿಪಡಬೇಕೋ ಬೇಡವೋ ತಿಳಿಯದೆ ಮುಚ್ಚುತ್ತಿದ್ದೆ.

ಇಂಥ ಬೆರಗು ಮನುಷ್ಯನನ್ನು ಸುಮ್ಮನೆ ಬಿಡುವುದಿಲ್ಲ. ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಿದ್ದಾಗ, ನನಗೂ ಹೆಂಡತಿ ಇದ್ದಾಳೆ, ಅವಳಿಗೂ ಫೋನಿದೆ ಎಂಬುದು ಹೊಳೆಯಿತು. ಜಗಳವೇನೂ ಇರಲಿಲ್ಲ. ಸುಮ್ಮನೆ, ಆರಾಮಾಗಿದ್ದೇನೆ ಎಂದು ತಿಳಿಯಲಿ ಅಂತ ಒಂದು ರೂಪಾಯಿ ಕಳಿಸಿದೆ. ಫೋನು ಮುಟ್ಟಿ ನೋಡಿದರೆ ನಿಜವಾಗಿಯೂ ಬೆಚ್ಚಗಿತ್ತು. ಈಗ ಕರೆ ಬರುತ್ತದೆ, ಆಗ ಬರುತ್ತದೆ ಎಂದು ಸಂಜೆಯವರೆಗೆ ಕಾದೆ. ನಾನೇ ಮಾಡಿದರೆ ಹತ್ತಲಿಲ್ಲ. ಗಾಬರಿಯಿಂದ ಮನೆಗೆ ಹೋದರೆ ಅವಳು ಬಾಗಿಲಲ್ಲೇ ನಿಂತಿದ್ದಳು.

"ಚಲೋ ಆತು ಲಗೂನ ಬಂದಿರಿ. ಯಾರೋ ನಿಮ್ಮ ಫೋನ್‌ನಾಗ ಹೊಕ್ಕಾರ. ಮಧ್ಯಾಹ್ನ ನಿಮ್ಮ ಹೆಸರಿಲೆ ನನಗ ಒಂದ್ ರೂಪಾಯಿ ಬಂತು. ನಾ ಕೂಡ್ಲೇ ನಿಮ್ಮ ನಂಬರ್ ಬ್ಲಾಕ್ ಮಾಡೀನಿ" ಎಂದಳು.

"ಅದು ನಾನೇ ಕಳಿಸಿರಬಹುದು ಅಂತ ಅನಿಸಲಿಲ್ಲೇನು?" ಎಂದು ಕೇಳಿದೆ.

"ಅಯ್ಯ, ಇಷ್ಟ್ ವರ್ಷ ಸಂಸಾರ ಮಾಡೀನಿ, ನನಗ ಗೊತ್ತಿಲ್ಲೇನು?" ಎಂದು ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡಳು. "ನಾ ಕೇಳದೇ ಒಂದ್ ರೂಪಾಯಿ ಕಳಿಸೋ ಮನುಷ್ಯ ಏನ್ರಿ ನೀವು?"